ಹೆಸರು ಹೋದ ಮೇಲೆ: ಆರೋಗ್ಯ ವೃತ್ತಿಯ ರಿಜಿಸ್ಟರಿಗೆ ಮರಳುವುದು ಹೇಗೆ?

2024ರ ಜೂನ್‌ನಲ್ಲಿ ಮದ್ದೂರಿನಿಂದ ದೊಡ್ಡಮ್ಮ ಫೋನ್ ಮಾಡಿದಳು. ಮೊದಲು ಮಳೆಯ ಮಾತು, ಆಮೇಲೆ ನಾಲೆಗೆ ನೀರು ಬಿಟ್ಟರೋ ಇಲ್ಲವೋ ಎಂಬ ಮಾತು, ಆಮೇಲೆ ಸುಮ್ಮನಾದಳು. ಕೊನೆಗೆ ದನಿ ತಗ್ಗಿಸಿ, "ಅಲ್ಲ ಕಣಪ್ಪ, ನಿನ್ ತಂಗಿ ಹೆಸ್ರ ಹೊಡುದಾಕವ್ರಂತೆ. ಏನ್ ಮಾಡ್ಕಂಡ್ಳೋ ಏನೋ. ಯಾರ್ಗೂ ಹೇಳ್ಬ್ಯಾಡ" ಎಂದಳು.

ತಂಗಿ ಇಂಗ್ಲೆಂಡಿನಲ್ಲಿ ಫಿಸಿಯೊಥೆರಪಿಸ್ಟ್. ನಾನು ಮೈಸೂರಿನಲ್ಲಿ ಮಕ್ಕಳ ಸ್ಪೀಚ್ ಥೆರಪಿಸ್ಟ್. ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಓದಿದವನು. ಜೊತೆಗೆ ಓದಿದ ಕೆಲವರು ಆ ದೇಶ ಸೇರಿದ್ದಾರೆ. ಅಲ್ಲಿ ವೃತ್ತಿ ಮಾಡಲು ಅರ್ಹರಾದವರ ಹೆಸರಿರುವ ಪಟ್ಟಿ, ಅಂದರೆ ರಿಜಿಸ್ಟರ್, ಫಿಸಿಯೊಗಳಿಗೂ ನಮ್ಮಂಥವರಿಗೂ ಒಂದೇ, ಹಾಗಾಗಿ ಅದರ ನಿಯಮಗಳು ಅಷ್ಟಿಷ್ಟು ಗೊತ್ತಿದ್ದವು. ದೊಡ್ಡಮ್ಮನಿಗೆ ಕೇಳಿದ ಮೊದಲ ಪ್ರಶ್ನೆ: "ಹೆಸರು ತೆಗೆದರೋ, ಹೆಸರು ಬಿಟ್ಟುಹೋಯಿತೋ?" ಅವಳಿಗೆ ಎರಡೂ ಒಂದೇ ಅನ್ನಿಸಿತು. ಬಹಳ ಜನಕ್ಕೆ ಹಾಗೇ ಅನ್ನಿಸುತ್ತದೆ. ನಮ್ಮ ಭಾಷೆಯಲ್ಲಂತೂ ಹೆಸರು ಹೋಯಿತು ಅಂದರೆ ಮಾನ ಹೋಯಿತು ಅಂತಲೇ ಅರ್ಥ.

ರೇಷನ್ ಕಾರ್ಡಿನ ಉದಾಹರಣೆ ಕೊಟ್ಟೆ. ಇ-ಕೆವೈಸಿಗೆ ಬೆರಳು ಒತ್ತಲು ಹೋಗದಿದ್ದರೆ ಕಾರ್ಡಿನಲ್ಲಿ ಹೆಸರು ನಿಲ್ಲುವುದಿಲ್ಲ. ಸುಳ್ಳು ವರಮಾನ ತೋರಿಸಿ ಬಿಪಿಎಲ್ ಪಡೆದದ್ದು ಸಿಕ್ಕಿಬಿದ್ದರೂ ನಿಲ್ಲುವುದಿಲ್ಲ. ಎರಡು ಸಲವೂ ಅಂಗಡಿಯಲ್ಲಿ ಅಕ್ಕಿ ಸಿಗುವುದಿಲ್ಲ. ಆದರೆ ಮೊದಲನೆಯವನು ಬೆರಳೊತ್ತಿ ಬಂದರೆ ಸಾಕು, ಎರಡನೆಯವನು ಉತ್ತರ ಕೊಡಬೇಕು. ವೃತ್ತಿ ರಿಜಿಸ್ಟರಿನಲ್ಲೂ ಹಾಗೆಯೇ. ಮರಳಿ ಬರುವ ದಾರಿ ಕೇಳುವವರು ಮೊದಲು ಹೇಳಬೇಕಾದದ್ದು ಯಾವ ದಾರಿಯಲ್ಲಿ ಹೊರಗೆ ಹೋದರು ಎಂಬುದನ್ನು.

ತಂಗಿಯ ರಿಜಿಸ್ಟರ್ ನೋಡಿಕೊಳ್ಳುವುದು ಹೆಲ್ತ್ ಅಂಡ್ ಕೇರ್ ಪ್ರೊಫೆಷನ್ಸ್ ಕೌನ್ಸಿಲ್. ಅಲ್ಲಿನವರು ಎಚ್‌ಸಿಪಿಸಿ ಅನ್ನುತ್ತಾರೆ. ಫಿಸಿಯೊ, ಸ್ಪೀಚ್ ಥೆರಪಿಸ್ಟ್, ರೇಡಿಯೊಗ್ರಾಫರ್, ಪ್ಯಾರಾಮೆಡಿಕ್, ಡಯಟಿಷಿಯನ್ ಹೀಗೆ 15 ವೃತ್ತಿಗಳು ಅದರಡಿ ಬರುತ್ತವೆ. ವೈದ್ಯರಿಗೆ, ನರ್ಸ್‌ಗಳಿಗೆ ಬೇರೆ ಬೇರೆ ಕೌನ್ಸಿಲ್‌ಗಳಿವೆ. ಎಚ್‌ಸಿಪಿಸಿಯಲ್ಲಿ ಎರಡು ವರ್ಷಕ್ಕೊಮ್ಮೆ ನವೀಕರಣ. ಫಿಸಿಯೊಗಳ ಗಡುವು ಸಮ ಸಂಖ್ಯೆಯ ವರ್ಷದ ಏಪ್ರಿಲ್ 30ಕ್ಕೆ ಮುಗಿಯುತ್ತದೆ. ನವೀಕರಣಕ್ಕೆ ಎರಡು ಕೆಲಸ ಆಗಬೇಕು: ಶುಲ್ಕ ಕಟ್ಟುವುದು, ಮತ್ತು "ನಾನು ಈ ವೃತ್ತಿಯಲ್ಲಿದ್ದೇನೆ, ಕಲಿಕೆ ಮುಂದುವರಿಸಿದ್ದೇನೆ, ನನ್ನ ಆರೋಗ್ಯಕ್ಕೋ ನಡತೆಗೋ ಸಂಬಂಧಿಸಿ ಮುಚ್ಚಿಟ್ಟದ್ದೇನೂ ಇಲ್ಲ" ಎಂಬ ಘೋಷಣೆ ಸಲ್ಲಿಸುವುದು. ಜನ ಎಡವುವುದು ಎರಡನೆಯದರಲ್ಲಿ. ಶುಲ್ಕ ಬ್ಯಾಂಕಿನಿಂದ ತಾನಾಗಿ ಕಡಿತವಾಗುತ್ತಿರುತ್ತದೆ, ಘೋಷಣೆ ಮಾತ್ರ ಯಾರೂ ತಾನಾಗಿ ಕೊಡುವುದಿಲ್ಲ. ತಂಗಿ ಬಾಣಂತನದ ರಜೆಯಲ್ಲಿದ್ದಳು, ಕೈಯಲ್ಲಿ ಕೂಸು. ಬಂದ ಇಮೇಲ್ ಓದದೆ ಉಳಿದವು, ಹೆಸರು ಹೋಯಿತು.

ಇದಕ್ಕೆ ಮರುಪ್ರವೇಶದ ಅರ್ಜಿ ಸಾಕು. ವಿಚಾರಣೆಯಿಲ್ಲ, ಕಟಕಟೆಯಿಲ್ಲ. ಕೌನ್ಸಿಲ್ ಮುಖ್ಯವಾಗಿ ಕೇಳುವುದು ಕೊನೆಯ ಸಲ ಕೆಲಸ ಮಾಡಿದ್ದು ಯಾವಾಗ ಎಂದು. ಎರಡು ವರ್ಷದೊಳಗಾದರೆ ಹೆಚ್ಚಿನ ಕಲಿಕೆ ಬೇಕಿಲ್ಲ. ಎರಡರಿಂದ ಐದು ವರ್ಷ ಕಳೆದಿದ್ದರೆ 30 ದಿನಗಳಷ್ಟು, ಐದು ವರ್ಷ ದಾಟಿದ್ದರೆ 60 ದಿನಗಳಷ್ಟು ಕಲಿಕೆಯ ದಾಖಲೆ ತೋರಿಸಬೇಕು. ಅನುಭವಿಯ ಕಣ್ಣಳತೆಯಲ್ಲಿ ಕೆಲಸ ಮಾಡಿ ಕಲಿಯಬಹುದು, ಕೋರ್ಸ್ ಮಾಡಬಹುದು, ಮನೆಯಲ್ಲೇ ಕೂತು ಓದಿ ಟಿಪ್ಪಣಿ ಇಡಬಹುದು. ದಿನವೆಂದರೆ ಏಳು ಗಂಟೆ, ಅಂದರೆ 60 ದಿನಕ್ಕೆ 420 ಗಂಟೆ. ಮಕ್ಕಳನ್ನು ಸಾಕಲು ಆರೇಳು ವರ್ಷ ಬಿಟ್ಟು ಮತ್ತೆ ಕೆಲಸಕ್ಕೆ ಹೊರಡುವ ಹೆಣ್ಣುಮಕ್ಕಳು ಈ 420 ಗಂಟೆಯ ಮುಂದೆ ಬಂದು ನಿಲ್ಲುತ್ತಾರೆ. ಗಂಡಸರು ನಿಂತದ್ದನ್ನು ನಾನು ಕಂಡದ್ದು ಕಡಿಮೆ.

ಅರ್ಜಿ ಒಪ್ಪಿಗೆಯಾಗುವ ತನಕ ಒಂದು ಎಚ್ಚರ ಬೇಕು. ಬ್ರಿಟನ್ನಿನಲ್ಲಿ "ಫಿಸಿಯೊಥೆರಪಿಸ್ಟ್" ಎಂಬ ಪದವನ್ನೇ ಕಾನೂನು ಕಾಯುತ್ತದೆ. ರಿಜಿಸ್ಟರಿನಲ್ಲಿ ಇಲ್ಲದವರು ಆ ಪದವನ್ನು ಹೆಸರಿನ ಮುಂದೆ ಹಾಕಿಕೊಂಡರೆ ಅಪರಾಧ. "ನಾಳೆ ನಾಡಿದ್ದರಲ್ಲಿ ಹೆಸರು ಬಂದುಬಿಡುತ್ತದಲ್ಲ" ಎಂದು ನಾಲ್ಕು ದಿನ ರೋಗಿಗಳನ್ನು ನೋಡಿದರೆ, ಮರೆವಿನಿಂದ ಆದದ್ದು ನಡತೆಯ ಪ್ರಶ್ನೆಯಾಗಿಬಿಡುತ್ತದೆ.

ಈಗ ಕಷ್ಟದ ದಾರಿ. ಯಾರೋ ದೂರು ಕೊಟ್ಟು, ತನಿಖೆ ನಡೆದು, ವಿಚಾರಣೆಯ ಸಮಿತಿ ಕೂತು ಹೆಸರು ಹೊಡೆದುಹಾಕುವುದು. ಸಮಿತಿಯ ಕೈಯಲ್ಲಿರುವ ಶಿಕ್ಷೆಗಳಲ್ಲಿ ಇದು ಕೊನೆಯದು. ಅದಕ್ಕೂ ಮೊದಲು ಒಂದರಿಂದ ಐದು ವರ್ಷ ದಾಖಲೆಯಲ್ಲಿ ಉಳಿಯುವ ಎಚ್ಚರಿಕೆ ಇದೆ, ಹೆಚ್ಚೆಂದರೆ ಮೂರು ವರ್ಷ ಷರತ್ತಿನ ಮೇಲೆ ಕೆಲಸ ಮಾಡಲು ಬಿಡುವುದಿದೆ, ಒಂದು ವರ್ಷದವರೆಗೆ ಅಮಾನತು ಇದೆ. ಕಾಯಿಲೆಯಿಂದಲೋ ಕೌಶಲ ಸಾಲದ್ದರಿಂದಲೋ ಕೆಲಸ ಕೆಟ್ಟಿದ್ದರೆ ನೇರವಾಗಿ ಹೆಸರು ಹೊಡೆಯುವ ಹಾಗಿಲ್ಲ. ಅಂಥವರು ಕನಿಷ್ಠ ಎರಡು ವರ್ಷ ಸತತವಾಗಿ ಅಮಾನತಿನಲ್ಲೋ ಷರತ್ತಿನಲ್ಲೋ ಇದ್ದ ಮೇಲಷ್ಟೇ ಆ ಮಾತು ಬರುತ್ತದೆ. ಕುಡಿತಕ್ಕೆ ಬಿದ್ದವರಿಗೆ, ಖಿನ್ನತೆಯಲ್ಲಿ ಮುಳುಗಿದವರಿಗೆ ಕಾನೂನು ಉಳಿಸಿಟ್ಟ ಸಮಯ ಅದು. ಆ ನಿಯಮ ಬರೆದವರು ಯಾರೋ, ಮನುಷ್ಯರನ್ನು ಬಲ್ಲವರು.

ಇನ್ನು ಕೆಲವರು ಜಾಣತನ ಮಾಡಹೋಗುತ್ತಾರೆ. ತನಿಖೆ ಶುರುವಾದ ಕೂಡಲೇ "ನಾನೇ ಬಿಟ್ಟುಬಿಡುತ್ತೇನೆ, ಹೆಸರು ತೆಗೆಯಿರಿ" ಎನ್ನುವುದು. ಆರೋಪ ಬಾಕಿಯಿರುವಾಗ ಹಾಗೆ ಸುಲಭವಾಗಿ ಬಿಡುವುದಿಲ್ಲ. ಕೌನ್ಸಿಲ್ ಒಪ್ಪಿ, ಸಮಿತಿ ಒಪ್ಪಿ ಬಿಟ್ಟರೂ, ಮುಂದೆ ಮರಳಿ ಬರುವ ದಿನ ಅವರನ್ನು ಹೊಡೆದುಹಾಕಿಸಿಕೊಂಡವರಂತೆಯೇ ನೋಡಲಾಗುತ್ತದೆ.

ಹೆಸರು ಹೊಡೆದ ಆದೇಶ ಬಂದಾಗ ಎರಡು ದಾರಿ ಕಾಣುತ್ತವೆ. ಜನ ಇವೆರಡನ್ನು ಕಲಸಿಕೊಳ್ಳುವುದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಒಂದು ಮೇಲ್ಮನವಿ. 28 ದಿನದೊಳಗೆ ಕೋರ್ಟಿಗೆ ಹೋಗಿ "ತೀರ್ಪೇ ತಪ್ಪು" ಎನ್ನುವುದು. ಇಂಗ್ಲೆಂಡಿನಲ್ಲಾದರೆ ಹೈಕೋರ್ಟು, ಸ್ಕಾಟ್ಲೆಂಡಿನಲ್ಲಾದರೆ ಕೋರ್ಟ್ ಆಫ್ ಸೆಷನ್. ಇನ್ನೊಂದು, ತೀರ್ಪು ಇದ್ದ ಹಾಗೇ ಇರಲಿ ಎಂದು ಬಿಟ್ಟು, ಕಾಲ ಕಳೆದ ಮೇಲೆ "ಈಗ ನನ್ನನ್ನು ಸೇರಿಸಿಕೊಳ್ಳಬಹುದೇ" ಎಂದು ಕೇಳುವುದು. ಮೊದಲನೆಯದರಲ್ಲಿ ಹಳೆಯ ಜಗಳ ಮುಂದುವರಿಯುತ್ತದೆ. ಎರಡನೆಯದರಲ್ಲಿ ಹಳೆಯ ಜಗಳಕ್ಕೆ ಜಾಗವೇ ಇಲ್ಲ.

ಕಾಲವೆಂದರೆ ಐದು ವರ್ಷ. ಅದನ್ನು ಎಣಿಸುವುದು ಆದೇಶ ಜಾರಿಗೆ ಬಂದ ದಿನದಿಂದ. ಮೇಲ್ಮನವಿಯ ಗಡುವು ಕಳೆದ ಮೇಲೆ, ಅಥವಾ ಮೇಲ್ಮನವಿ ಇತ್ಯರ್ಥವಾದ ಮೇಲೆ. ವಿಚಾರಣೆಯ ಕೊನೆಯ ದಿನದಿಂದ ಎಣಿಸಿಕೊಂಡು ಅರ್ಜಿ ಹಾಕಿದರೆ ವಾಪಸ್ ಬರುತ್ತದೆ. ಬ್ರಿಟನ್ನಿನ ನರ್ಸ್‌ಗಳಿಗೂ ಇದೇ ಐದು ವರ್ಷ, ವೈದ್ಯರಿಗೂ ಇದೇ. ವೈದ್ಯರು ಹಿಂದೆ ಹತ್ತು ತಿಂಗಳಲ್ಲೇ ಅರ್ಜಿ ಹಾಕಬಹುದಿತ್ತು. 2000ದಲ್ಲಿ ಅದನ್ನು ಐದು ವರ್ಷಕ್ಕೆ ಏರಿಸಿದರು.

ಐದು ವರ್ಷ ಕಳೆದರೆ ಹೆಸರು ತಾನಾಗಿ ಬರುವುದಿಲ್ಲ. ಕೇಳುವ ಹಕ್ಕು ಬರುತ್ತದೆ, ಅಷ್ಟೆ.

ಒಂದು ಕೇಸು ಊಹಿಸಿಕೊಳ್ಳಿ. ಒಬ್ಬ ಫಿಸಿಯೊ ವಯಸ್ಸಾದವರ ಮನೆಗಳಿಗೆ ಹೋಗಿ ವ್ಯಾಯಾಮ ಮಾಡಿಸಬೇಕಿತ್ತು. ಹೋಗದೆಯೇ ಹೋದೆನೆಂದು ದಾಖಲೆಯಲ್ಲಿ ಬರೆದ. ಒಂದೆರಡು ಸಲವಲ್ಲ, ತಿಂಗಳುಗಟ್ಟಲೆ. ಸಿಕ್ಕಿಬಿದ್ದಾಗ ಕಂಪ್ಯೂಟರ್ ತಪ್ಪೆಂದ. ಹೆಸರು ಹೋಯಿತು. ಐದು ವರ್ಷದ ಮೇಲೆ ಸಮಿತಿಯ ಮುಂದೆ ಬರುತ್ತಾನೆ. ಸಮಿತಿಯಲ್ಲಿ ಅವನ ವೃತ್ತಿಯವರೊಬ್ಬರು, ವೃತ್ತಿಯ ಹೊರಗಿನ ಸಾಮಾನ್ಯರೊಬ್ಬರು, ಅಧ್ಯಕ್ಷರೊಬ್ಬರು. ಮೊದಲ ವಿಚಾರಣೆಯಲ್ಲಿ ಆರೋಪ ಸಾಬೀತು ಮಾಡುವ ಹೊರೆ ಕೌನ್ಸಿಲ್‌ ಮೇಲಿತ್ತು. ಈಗ ಹೊರೆ ಅವನ ತಲೆಗೆ ಬಂದಿದೆ. ತಾನು ಈ ವೃತ್ತಿಗೆ ತಕ್ಕವನು ಎಂದು ಅವನೇ ತೋರಿಸಿಕೊಡಬೇಕು.

ಅವರು ಕೇಳುವುದು ಹೀಗಿರುತ್ತದೆ. ಅಂದು ಯಾಕೆ ಹೆಸರು ಹೋಯಿತು? ಅದನ್ನು ನೀನು ಒಪ್ಪುತ್ತೀಯಾ? ನೀನು ಹೋಗದ ಮನೆಯಲ್ಲಿ ಆ ಮುದುಕಿಗೆ ಏನಾಯಿತೆಂದು ಯೋಚಿಸಿದ್ದೀಯಾ? ಅಂದು ಹಾಗೆ ಮಾಡಿಸಿದ್ದು ಏನು, ಅದು ಈಗಲೂ ನಿನ್ನೊಳಗೆ ಇದೆಯಾ? ಇಷ್ಟು ವರ್ಷ ಏನು ಮಾಡಿದೆ? ವಿದ್ಯೆ ಎಷ್ಟು ಉಳಿದಿದೆ?

ಇಲ್ಲಿ ಬಹಳ ಜನ ಬೀಳುವುದು ಒಂದೇ ಹಳ್ಳಕ್ಕೆ. ಹಳೆಯ ಫೈಲ್ ಹಿಡಿದು ಬಂದು "ಅಂದು ನನಗೆ ಅನ್ಯಾಯವಾಯಿತು, ಮ್ಯಾನೇಜರಿಗೆ ನನ್ನ ಮೇಲೆ ಸಿಟ್ಟಿತ್ತು" ಎಂದು ಶುರು ಮಾಡುತ್ತಾರೆ. ಸಿಟ್ಟು ಇದ್ದಿದ್ದರೂ ಇರಬಹುದು. ಆದರೆ ಅಂದು ಸಾಬೀತಾಯಿತೆಂದು ಬರೆದದ್ದನ್ನು ಅಳಿಸುವ ಅಧಿಕಾರ ಈ ಸಮಿತಿಗೆ ಇಲ್ಲ. ಅವರ ಪಾಲಿಗೆ ಅದು ನಡೆದ ಸಂಗತಿ. ಅದನ್ನು ಅಲ್ಲಗಳೆಯುತ್ತಾ ಹೋದಷ್ಟೂ "ಇವನಿಗೆ ಇನ್ನೂ ತಿಳಿದಿಲ್ಲ" ಎಂಬ ಭಾವನೆ ಗಟ್ಟಿಯಾಗುತ್ತದೆ.

ಸರ್ಟಿಫಿಕೇಟುಗಳ ಕಂತೆಯೂ ಹೆಚ್ಚು ಉಪಯೋಗಕ್ಕೆ ಬರುವುದಿಲ್ಲ, ನಮ್ಮವರಿಗೆ ಅದರ ಮೇಲೆ ಎಷ್ಟೇ ನಂಬಿಕೆಯಿದ್ದರೂ. ಕೌಶಲದ ತಪ್ಪಾಗಿದ್ದರೆ, ಉದಾಹರಣೆಗೆ ಮಂಡಿಯ ಚಿಕಿತ್ಸೆ ಸರಿಯಾಗಿ ಗೊತ್ತಿರಲಿಲ್ಲ ಎಂದಿದ್ದರೆ, ಕೋರ್ಸ್ ಮಾಡಿದೆ ಎಂದು ತೋರಿಸಬಹುದು. ಸುಳ್ಳು ಹೇಳಿದವನು ಪ್ರಾಮಾಣಿಕತೆಯ ಕೋರ್ಸ್ ಮಾಡಿದೆ ಎಂದರೆ ಏನು ತಿಳಿಯುವುದು? ಅದಕ್ಕಿಂತ ತೂಕದ ಪುರಾವೆ ಬೇರೆಯಿದೆ. ಈ ಐದು ವರ್ಷ ಅವನು ಗೋದಾಮಿನಲ್ಲೋ ಅಂಗಡಿಯಲ್ಲೋ ಕೆಲಸ ಮಾಡಿ, ಅಲ್ಲಿ ಹಣದ, ಸ್ಟಾಕಿನ ಲೆಕ್ಕ ಅವನ ಕೈಯಲ್ಲಿದ್ದು, ಮಾಲೀಕ ಎರಡು ಮಾತು ಬರೆದುಕೊಟ್ಟರೆ ಅದಕ್ಕೆ ಬೆಲೆ. ಆ ಪತ್ರದಲ್ಲಿ ಇನ್ನೊಂದು ಸಾಲು ಇರಲೇಬೇಕು: "ಇವರ ಹೆಸರು ಯಾಕೆ ಹೋಯಿತೆಂದು ನನಗೆ ಗೊತ್ತು." ಗೊತ್ತಿಲ್ಲದವನು ಎಷ್ಟೇ ಹೊಗಳಿದರೂ ಸಮಿತಿಯ ಪಾಲಿಗೆ ಅದು ಯಾರದೋ ಗುಣಗಾನ.

ದೊಡ್ಡಮ್ಮನ "ಯಾರ್ಗೂ ಹೇಳ್ಬ್ಯಾಡ" ಎಂಬ ಮಾತು ನನಗೆ ಚುಚ್ಚಿದ್ದು ಇಲ್ಲಿ. ಮಾನ ಉಳಿಸಿಕೊಳ್ಳಲು ನಾವು ಮೊದಲು ಮಾಡುವುದೇ ಮುಚ್ಚಿಡುವುದು. ಮದುವೆ ಮನೆಯಲ್ಲಿ ಕೇಳಿದರೆ "ರಜೆಯಲ್ಲಿದ್ದಾನೆ", ಮಾವನ ಮನೆಯಲ್ಲಿ ಕೇಳಿದರೆ "ಬಿಸಿನೆಸ್ ನೋಡ್ತಿದ್ದಾನೆ". ಐದು ವರ್ಷ ಹಾಗೆ ಬದುಕಿದವನಿಗೆ, ವಿಷಯ ತಿಳಿದೂ ತನ್ನ ಪರವಾಗಿ ಬರೆದುಕೊಡುವ ಒಬ್ಬ ಮನುಷ್ಯ ಸಿಗುವುದಿಲ್ಲ. ಸಮಿತಿಯ ಮುಂದೆ ಬಾಯಿಬಿಟ್ಟು ಹೇಳಿಕೊಳ್ಳುವ ಅಭ್ಯಾಸವೂ ಇರುವುದಿಲ್ಲ. ಅದೂ ಅಲ್ಲದೆ ಮುಚ್ಚಿಡುವುದಾದರೂ ಏನನ್ನು? ಎಚ್‌ಸಿಪಿಸಿಯ ರಿಜಿಸ್ಟರ್ ಯಾರು ಬೇಕಾದರೂ ನೋಡಬಹುದಾದದ್ದು. ವಿಚಾರಣೆಗಳು ಸಾಮಾನ್ಯವಾಗಿ ಬಹಿರಂಗ, ಆರೋಗ್ಯದ ಮಾತು ಬಂದಾಗ ಮಾತ್ರ ಬಾಗಿಲು ಹಾಕುತ್ತಾರೆ. ಮದ್ದೂರಿನಲ್ಲಿ ಯಾರಿಗೂ ಗೊತ್ತಿಲ್ಲ ಎಂಬುದು ಮದ್ದೂರಿನಲ್ಲಿ ಯಾರೂ ಹುಡುಕಿಲ್ಲ ಎಂಬುದಷ್ಟೆ.

ಇಷ್ಟೆಲ್ಲ ತಿದ್ದಿಕೊಂಡರೂ ಒಮ್ಮೊಮ್ಮೆ ಸಾಲದು. 2018ರಲ್ಲಿ ವೈದ್ಯರೊಬ್ಬರ ಪ್ರಕರಣದಲ್ಲಿ ಇಂಗ್ಲೆಂಡಿನ ಕೋರ್ಟ್ ಆಫ್ ಅಪೀಲ್ ಇದನ್ನು ಸ್ಪಷ್ಟಮಾಡಿತು. ಮರಳಿ ಸೇರಿಸುವಾಗ ಈ ಮನುಷ್ಯ ಈಗ ಸುರಕ್ಷಿತನೇ ಎಂಬುದೊಂದನ್ನೇ ನೋಡಿದರೆ ಆಗದು. ಇವನನ್ನು ಸೇರಿಸಿಕೊಂಡರೆ ಜನರಿಗೆ ಆ ವೃತ್ತಿಯ ಮೇಲಿನ ನಂಬಿಕೆ ಉಳಿಯುತ್ತದೆಯೇ ಎಂದೂ ತೂಗಬೇಕು. ಇದು ಕಠಿಣ. ಎಷ್ಟು ಬದಲಾದರೂ ಕೆಲವು ತಪ್ಪುಗಳಿಗೆ ಬಾಗಿಲು ತೆರೆಯದೆಯೇ ಇರಬಹುದು ಎಂದಂತಾಯಿತು. ಆದರೆ ನನ್ನ ಬಳಿ ಮಾತು ಬಾರದ ಮಗುವನ್ನು ಕರೆತಂದು, ಕೋಣೆಯಲ್ಲಿ ನನ್ನೊಬ್ಬನ ಜೊತೆ ಬಿಟ್ಟು ಹೊರಗೆ ಕಾಯುವ ತಾಯಂದಿರನ್ನು ನೆನೆದರೆ, ಆ ಕೋರ್ಟಿನ ಮಾತನ್ನು ತಳ್ಳಿಹಾಕಲು ನನ್ನಿಂದ ಆಗುವುದಿಲ್ಲ.

ಸಮಿತಿ ಒಪ್ಪಿದರೆ ಹೆಸರು ಬರುತ್ತದೆ, ಕೆಲವೊಮ್ಮೆ ಷರತ್ತಿನ ಜೊತೆಗೆ. ಐದು ವರ್ಷ ಕೆಲಸದಿಂದ ದೂರವಿದ್ದವರಾದ್ದರಿಂದ ಮೇಲೆ ಹೇಳಿದ 60 ದಿನದ ಕಲಿಕೆಯಿಂದ ಇವರಿಗೂ ಬಿಡುಗಡೆಯಿಲ್ಲ. ಒಪ್ಪದಿದ್ದರೆ ಮತ್ತೆ ಅರ್ಜಿ ಹಾಕಲು 12 ತಿಂಗಳು ಕಾಯಬೇಕು. ಎರಡನೇ ಸಲವೂ ತಿರಸ್ಕಾರವಾದರೆ, ಇನ್ನು ಅರ್ಜಿಯನ್ನೇ ಹಾಕಬೇಡ ಎಂದು ಅನಿರ್ದಿಷ್ಟವಾಗಿ ತಡೆಯುವ ಅಧಿಕಾರವೂ ಸಮಿತಿಗಿದೆ. ಆ ತಡೆಯನ್ನು ಮರುಪರಿಶೀಲಿಸಿ ಎಂದು ಕೇಳಲು ಮೂರು ವರ್ಷ ಕಳೆಯಬೇಕು. ಹಾಗಾಗಿ ಐದು ವರ್ಷ ತುಂಬಿದ ಮರುದಿನವೇ ತಯಾರಿಯಿಲ್ಲದೆ ಓಡುವುದು ನಷ್ಟ.

ನಮ್ಮಲ್ಲಿ ಹೇಗೆ ಎಂದು ಕೇಳುವವರಿಗೆ: ಇಲ್ಲಿ "ಐದು ವರ್ಷ" ಎಂಬುದರ ಅರ್ಥವೇ ಬೇರೆ. 2023ರ ಕೊನೆಯಲ್ಲಿ ಮಂಡ್ಯ ಜಿಲ್ಲೆಯ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಮಾಡಿ ಭ್ರೂಣಲಿಂಗ ಪತ್ತೆ ಮಾಡುತ್ತಿದ್ದರೆಂದು ಪೊಲೀಸರು ಬಯಲಿಗೆಳೆದ ಸುದ್ದಿ ನಿಮಗೆ ನೆನಪಿರಬಹುದು. ಬೆಲ್ಲ ಕಾಯಿಸುವ ಜಾಗದಲ್ಲಿ ಅಂಥ ಕೆಲಸ ಎಂದು ಊರೆಲ್ಲ ಹೊಟ್ಟೆ ಉರಿದುಕೊಂಡಿತ್ತು. ಭ್ರೂಣಲಿಂಗ ಪತ್ತೆ ತಡೆಯ ಪಿಸಿಪಿಎನ್‌ಡಿಟಿ ಕಾಯ್ದೆಯಲ್ಲಿ ನೋಂದಾಯಿತ ವೈದ್ಯರಿಗೆ ಪ್ರತ್ಯೇಕ ನಿಯಮವಿದೆ. ಕೋರ್ಟು ಆರೋಪ ಹೊರಿಸಿದರೆ ಕೇಸು ಮುಗಿಯುವವರೆಗೆ ನೋಂದಣಿ ಅಮಾನತು. ಅಪರಾಧ ಸಾಬೀತಾದರೆ ಮೊದಲ ಸಲ ಐದು ವರ್ಷ ಹೆಸರು ತೆಗೆಯುವುದು, ಮತ್ತೊಮ್ಮೆ ಮಾಡಿದರೆ ಕಾಯಂ ಆಗಿ. ಇಲ್ಲಿ ಐದು ವರ್ಷ ಶಿಕ್ಷೆಯ ಉದ್ದ. ಅಲ್ಲಿ ಅದು ಬಾಗಿಲು ತಟ್ಟುವ ಮುಂಚಿನ ಕಾಯುವಿಕೆ.

ಇತರ ದುರ್ನಡತೆಗೆ ವೈದ್ಯರನ್ನು ವಿಚಾರಿಸುವುದು ಕರ್ನಾಟಕ ವೈದ್ಯಕೀಯ ಪರಿಷತ್ತು. ಹಿಡಿದು ನಡೆಯುವ ನಿಯಮಾವಳಿ 2002ರದು. 2023ರ ಆಗಸ್ಟ್‌ನಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಹೊಸ ನಿಯಮ ತಂದು, ಗದ್ದಲವೆದ್ದ ಮೇಲೆ ಅದೇ ತಿಂಗಳು ತಡೆಹಿಡಿದು ಹಳೆಯದನ್ನೇ ಮುಂದುವರಿಸಿತು. ಆ ಹಳೆಯ ನಿಯಮದಂತೆ ಹೆಸರನ್ನು ಕಾಯಂ ಆಗಿಯೂ ತೆಗೆಯಬಹುದು, ಇಷ್ಟು ಕಾಲ ಎಂದು ಗೊತ್ತುಮಾಡಿಯೂ ತೆಗೆಯಬಹುದು. ಗೊತ್ತುಮಾಡಿದ ಅವಧಿಯಾದರೆ, ಅದು ಮುಗಿದಾಗ ಹೆಸರು ಮರಳಿ ಸೇರಲಿ ಎಂದು ಪರಿಷತ್ತು ಆದೇಶಿಸಬಹುದು. ಈ ನಡುವೆ ನೀನು ಬದಲಾಗಿದ್ದೀಯಾ ಎಂದು ಬ್ರಿಟನ್ನಿನ ಸಮಿತಿ ಕೆದಕುವಂತೆ ಕೆದಕುವ ವಿಚಾರಣೆಯನ್ನು ಈ ನಿಯಮ ಕಟ್ಟಿಕೊಟ್ಟಿಲ್ಲ. ನನಗೆ ಇದು ಕೊರತೆಯಾಗಿ ಕಾಣುತ್ತದೆ. ಶಿಕ್ಷೆಯ ದಿನ ಎಣಿಸಿದ ಮಾತ್ರಕ್ಕೆ ಕೈ ಪಳಗುವುದಿಲ್ಲ, ಮನಸ್ಸೂ ತಿರುಗುವುದಿಲ್ಲ. ಆದೇಶ ಒಪ್ಪದ ವೈದ್ಯರು 2019ರ ರಾಷ್ಟ್ರೀಯ ವೈದ್ಯಕೀಯ ಆಯೋಗ ಕಾಯ್ದೆಯಂತೆ ಆಯೋಗದ ನೀತಿ ಮತ್ತು ನೋಂದಣಿ ಮಂಡಳಿಗೆ, ಅಲ್ಲಿಂದ ಆಯೋಗಕ್ಕೇ ಮೇಲ್ಮನವಿ ಹೋಗಬಹುದು. ರಿಜಿಸ್ಟರಿನಲ್ಲಿ ಇಲ್ಲದೆ ವೈದ್ಯವೃತ್ತಿ ಮಾಡಿದರೆ ಒಂದು ವರ್ಷದವರೆಗೆ ಜೈಲು, ಐದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ.

ನನ್ನ ವೃತ್ತಿಯದು ಭಾರತೀಯ ಪುನರ್ವಸತಿ ಪರಿಷತ್ತಿನ ರಿಜಿಸ್ಟರ್, 1992ರ ಕಾಯ್ದೆಯದು. ಐದು ವರ್ಷಕ್ಕೊಮ್ಮೆ ನವೀಕರಣ, ಅದಕ್ಕೆ ಮುಂದುವರಿದ ಕಲಿಕೆಯ ಅಂಕ ಕೂಡಿಸಬೇಕು. ಮೈಸೂರಿನಲ್ಲಿ ನವೀಕರಣ ಮರೆತು ಕೂತ ಸಹೋದ್ಯೋಗಿಗಳು ನನಗೆ ಗೊತ್ತು. ಅವರದು ತಂಗಿಯ ಕಥೆಯೇ, ಕಚೇರಿ ಬೇರೆ ಅಷ್ಟೆ.

ಇನ್ನೊಂದು ಪ್ರಶ್ನೆ ಆಗಾಗ ಬರುತ್ತದೆ: ಅಲ್ಲಿ ಹೆಸರು ಹೊಡೆದರೆ ಇಲ್ಲಿ ಬಂದು ಕೆಲಸ ಮಾಡಬಹುದಲ್ಲ? ಒಂದು ದೇಶದ ರಿಜಿಸ್ಟರಿನಿಂದ ಹೋದ ಹೆಸರು ಇನ್ನೊಂದರಿಂದ ತಾನಾಗಿ ಅಳಿಸಿಹೋಗುವುದಿಲ್ಲ, ನಿಜ. ಆದರೆ ಇನ್ನೊಂದು ದೇಶದಲ್ಲಿ ಹೊಸದಾಗಿ ನೋಂದಣಿಗೆ ಹೋದರೆ ಹಿಂದಿನ ಕೌನ್ಸಿಲ್‌ನಿಂದ "ಗುಡ್ ಸ್ಟ್ಯಾಂಡಿಂಗ್" ಪತ್ರ, ಅಂದರೆ ಇವರ ಮೇಲೆ ಯಾವ ಕಳಂಕವೂ ಇಲ್ಲ ಎಂಬ ಪತ್ರ, ತರಲು ಹೇಳುವುದು ವಾಡಿಕೆ. ಎಂದಾದರೂ ಎಲ್ಲಾದರೂ ಹೆಸರು ತೆಗೆದಿದ್ದರೇ ಎಂಬ ಪ್ರಶ್ನೆ ಅರ್ಜಿಯಲ್ಲೇ ಇರುತ್ತದೆ. ಅಲ್ಲಿ "ಇಲ್ಲ" ಎಂದು ಟಿಕ್ ಹಾಕಿದವನ ಮೇಲೆ ಹಳೆಯ ತಪ್ಪಿನ ಜೊತೆಗೆ ಹೊಸದೊಂದು ಸುಳ್ಳು ಸೇರುತ್ತದೆ. ಆ ಹೊಸದನ್ನು ವಿವರಿಸುವುದು ಹಳೆಯದಕ್ಕಿಂತ ಕಷ್ಟ.

ತಂಗಿಗೆ ಅಂದೇ ರಾತ್ರಿ ಫೋನ್ ಮಾಡಿದೆ. ಅರ್ಜಿ ತುಂಬಿ ಕೂತಿದ್ದಳು. ಕೊನೆಯ ಸಲ ಕೆಲಸ ಮಾಡಿ ಎರಡು ವರ್ಷವಾಗಿರಲಿಲ್ಲ, ಹಾಗಾಗಿ 30 ದಿನದ ಮಾತೂ ಬರಲಿಲ್ಲ. ಹೆಸರು ಮರಳಿದ ದಿನ ರಿಜಿಸ್ಟರಿನ ಆ ಪುಟವನ್ನು ಕಳಿಸಿದಳು, ನಾನು ದೊಡ್ಡಮ್ಮನಿಗೆ ವಾಟ್ಸಾಪ್ ಮಾಡಿದೆ. ಅವಳು ಕೂಡಲೇ ಫೋನ್ ಮಾಡಿ, "ಮೈಸೂರಲ್ಲಿ ಇದ್ನ ಒಂದ್ ನಾಕ್ ಕಾಪಿ ಪ್ರಿಂಟ್ ಆಕ್ಸ್ಕಂಬಾ" ಎಂದಳು. ನಾಲ್ಕು ಯಾರಿಗೆ ಎಂದು ಕೇಳಿದೆ. ಯಾರಿಗೂ ಹೇಳಬೇಡ ಎಂದವಳು ಆಗಲೇ ಮೂರು ಮನೆಗೆ ತಾನೇ ಹೇಳಿದ್ದಳು.